ಮಾತ್ರೆ ನೆನಪಿಸುವ ಮೊಬೈಲು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರು "ಮದ್ದು ತೆಗೆದುಕೊಳ್ಳಲು ನೆನಪಿಸುವ ಆ್ಯಪ್ ನಿಜಕ್ಕೂ ಉಪಯೋಗವಾ?" ಎಂದು ಕೇಳಿದ್ದರು. ಜಾಗ ಕಡಿಮೆ ಇತ್ತು. "ಮರೆವೊಂದೇ ಕಾರಣವಾದರೆ ಸ್ವಲ್ಪ ಮಟ್ಟಿಗೆ" ಎಂದಷ್ಟೇ ಬರೆದಿದ್ದೆ. ಅಷ್ಟಕ್ಕೇ ದಕ್ಷಿಣ ಕನ್ನಡ, ಉಡುಪಿ ಎರಡೂ ಕಡೆಯಿಂದ ಪತ್ರಗಳು ಬಂದಿವೆ. ಕೆಲವರು ಬೈದೂ ಬರೆದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ನಾನು ಚೀಟಿ ಬರೆಯುವ ಡಾಕ್ಟರ್ ಅಲ್ಲ. ಜನ ಮದ್ದನ್ನು ಯಾಕೆ ತೆಗೆದುಕೊಳ್ಳುತ್ತಾರೆ, ಯಾಕೆ ಬಿಡುತ್ತಾರೆ ಎಂಬ ಸಂಶೋಧನೆಗಳನ್ನು ಓದುವುದು, ಮಾಡುವುದು ನನ್ನ ಕೆಲಸ. ಯಾರ ಮಾತ್ರೆಯನ್ನೂ ಇಲ್ಲಿ ಬದಲಿಸುವುದಿಲ್ಲ, ದಯವಿಟ್ಟು ರಿಪೋರ್ಟ್‌ಗಳನ್ನು ಕಳಿಸಬೇಡಿ.

ದುಬೈಯಲ್ಲಿರುವ ಮಗ ನನ್ನ ಫೋನಿಗೆ ಬಿ.ಪಿ. ಮಾತ್ರೆಯ ಆ್ಯಪ್ ಹಾಕಿ ಕೊಟ್ಟಿದ್ದಾನೆ. ಬೆಳಿಗ್ಗೆ ಟಿಂಗ್ ಅನ್ನುತ್ತದೆ, ನಾನು "ತೆಗೆದುಕೊಂಡೆ" ಎಂದು ಒತ್ತುತ್ತೇನೆ. ಕೆಲವೊಮ್ಮೆ ಒತ್ತಿ ಆದ ಮೇಲೆ ಮಾತ್ರೆ ನುಂಗಿದೆನಾ ಇಲ್ವಾ ಎಂದೇ ನೆನಪಾಗುವುದಿಲ್ಲ. ಇದರಿಂದ ಬಿ.ಪಿ. ಇಳಿಯುತ್ತದಾ?
— ನಿವೃತ್ತ ಮೇಷ್ಟ್ರು, ಸುರತ್ಕಲ್

ಅರ್ಧ ಉತ್ತರ ನೀವೇ ಬರೆದಿದ್ದೀರಿ ಮೇಷ್ಟ್ರೇ. ಆ್ಯಪ್‌ಗೆ ಗೊತ್ತಾಗುವುದು ನೀವು ಒತ್ತಿದ್ದು, ನುಂಗಿದ್ದಲ್ಲ.

ಅಮೆರಿಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಮೆಡಿಸೇಫ್ ಎಂಬ ಆ್ಯಪ್, ತುಂಬಾ ಜನ ಬಳಸುವಂಥದ್ದು. ಬಿ.ಪಿ. ಹತೋಟಿಗೆ ಬಾರದ 411 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆ್ಯಪ್ ಕೊಟ್ಟರು, ಇನ್ನೊಂದಕ್ಕೆ ಕೊಡಲಿಲ್ಲ. 12 ವಾರ ನೋಡಿದರು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಆ್ಯಪ್ ಇದ್ದವರು "ಈಗ ಮಾತ್ರೆ ಸ್ವಲ್ಪ ಸರಿಯಾಗಿ ತೆಗೆದುಕೊಳ್ಳುತ್ತಿದ್ದೇವೆ" ಎಂದು ಹೇಳಿದರು. ಬಿ.ಪಿ. ಯಂತ್ರ ಮಾತ್ರ ಅದಕ್ಕೆ ಹೂಂಗುಟ್ಟಲಿಲ್ಲ. ಬಿ.ಪಿ.ಯ ಎರಡು ಅಂಕಿಗಳಲ್ಲಿ ಮೇಲಿನದ್ದು ಆ್ಯಪ್ ಗುಂಪಿನಲ್ಲಿ ಸರಾಸರಿ 10.6 ಇಳಿದಿತ್ತು, ಆ್ಯಪ್ ಇಲ್ಲದವರಲ್ಲಿ 10.1. ಎರಡೂ ಕಡೆ ಇಳಿದದ್ದು ಯಾಕೆ ಎಂದು ನೀವು ಕೇಳಬಹುದು. ಎರಡೂ ಗುಂಪಿನವರಿಗೆ ಮನೆಯಲ್ಲೇ ಬಿ.ಪಿ. ನೋಡುವ ಯಂತ್ರ ಕೊಟ್ಟಿದ್ದರು, ಜತೆಗೆ ಯಾರೋ ನಮ್ಮನ್ನು ಗಮನಿಸುತ್ತಿದ್ದಾರೆ ಎಂಬ ಅರಿವೂ ಇತ್ತು. ಅದೇ ಅರ್ಧ ಮದ್ದು ಎಂದು ನನ್ನ ಅನಿಸಿಕೆ.

ಅದಕ್ಕೂ ಹಿಂದಿನ ವರ್ಷ, 2017ರಲ್ಲಿ, ಇನ್ನೂ ದೊಡ್ಡದೊಂದು ಪರೀಕ್ಷೆಯ ಫಲಿತಾಂಶ ಬಂದಿತ್ತು. 53,480 ಜನ. ಕೆಲವರಿಗೆ ದಿನದ ಲೆಕ್ಕ ಇಡುವ ಪಟ್ಟಿಯಿರುವ ಡಬ್ಬಿ, ಕೆಲವರಿಗೆ ಕೊನೆಯ ಸಲ ಮುಚ್ಚಳ ತೆಗೆದು ಎಷ್ಟು ಹೊತ್ತಾಯಿತು ಎಂದು ತೋರಿಸುವ ಟೈಮರ್, ಕೆಲವರಿಗೆ ಖಾನೆ ಖಾನೆಯ ಮಾಮೂಲಿ ಡಬ್ಬಿ. ಅಂಚೆಯಲ್ಲಿ ಮನೆಗೆ ಕಳಿಸಿ ಒಂದು ವರ್ಷ ಕಾದರು. ಮಾತ್ರೆ ಸರಿಯಾಗಿ ತೆಗೆದುಕೊಳ್ಳುವುದರಲ್ಲಿ, ಏನೂ ಸಿಗದವರಿಗಿಂತ ಯಾರೂ ಮೇಲಾಗಲಿಲ್ಲ.

ಹಾಗೆಂದು ಮಗ ಹಾಕಿಕೊಟ್ಟ ಆ್ಯಪ್ ತೆಗೆದು ಬಿಸಾಡಬೇಡಿ, ಪಾಪ. ಮೊದಲು ನುಂಗಿ, ಆಮೇಲೆ ಒತ್ತಿ. "ನುಂಗಿದೆನಾ ಇಲ್ವಾ" ಎಂಬ ಸಂಶಯಕ್ಕೆ ಮಾತ್ರ ಏಳು ಖಾನೆಯ ಡಬ್ಬಿ ಒಳ್ಳೆಯದು. ಮಂಗಳವಾರದ ಖಾನೆ ಖಾಲಿ ಇದ್ದರೆ ನುಂಗಿದ್ದೀರಿ ಎಂದೇ ಅರ್ಥ, ಎರಡನೇ ಸಲ ನುಂಗುವ ಅಪಾಯ ತಪ್ಪುತ್ತದೆ. ಮತ್ತೆ ಮಗನಿಗೆ ಆ್ಯಪ್‌ನ ಹಸಿರು ಟಿಕ್ ಕಳಿಸುವುದು ಬೇಡ, ಭಾನುವಾರಕ್ಕೊಮ್ಮೆ ಬಿ.ಪಿ. ಅಂಕಿ ಕಳಿಸಿ. ಅವನು ಅದನ್ನು ನೋಡಿ ಫೋನ್ ಮಾಡುತ್ತಾನೆ. ಟಿಕ್ ನೋಡಿ ಯಾರೂ ಫೋನ್ ಮಾಡುವುದಿಲ್ಲ.

ನನ್ನ ಪ್ರಾಜೆಕ್ಟ್ ಮೊಬೈಲ್ ಮತ್ತು ಮದ್ದು ತೆಗೆದುಕೊಳ್ಳುವಿಕೆಯ ಬಗ್ಗೆ. ಗೈಡ್ ಒಬ್ಬ ಸಂಶೋಧಕರ ಹೆಸರು ಕೊಟ್ಟು "ಇವರ ಪ್ರಕಟಣೆಗಳನ್ನೆಲ್ಲ ಓದಿ ಬಾ" ಎಂದರು. ತೆರೆದರೆ ಪಟ್ಟಿ ಮುಗಿಯುವುದೇ ಇಲ್ಲ. ಎಲ್ಲಿಂದ ಶುರು ಮಾಡಲಿ?
— ಫಾರ್ಮ್ ಡಿ ವಿದ್ಯಾರ್ಥಿನಿ, ಮಣಿಪಾಲ

ಪಟ್ಟಿಯ ಉದ್ದ ನೋಡಿ ಹೆದರಬೇಡಿ ಮಾರಾಯ್ರೆ. ಈ ಕ್ಷೇತ್ರದಲ್ಲಿ ಒಂದೇ ಅಧ್ಯಯನದಿಂದ ನಾಲ್ಕೈದು ಪ್ರಬಂಧ ಹುಟ್ಟುವುದು ಮಾಮೂಲು. "ನಾವು ಹೀಗೆ ಮಾಡಲಿದ್ದೇವೆ" ಎನ್ನುವ ಪ್ರೋಟೋಕಾಲ್ ಮೊದಲು. ಆಮೇಲೆ ಸಣ್ಣ ಗುಂಪಿನಲ್ಲಿ ಮಾಡಿ ನೋಡಿದ ಪೈಲಟ್. ಆಮೇಲೆ ಮುಖ್ಯ ಟ್ರಯಲ್, ಅಂದರೆ ಮೇಷ್ಟ್ರಿಗೆ ಹೇಳಿದಂಥ ಪರೀಕ್ಷೆ. ಅದಾದ ಮೇಲೆ ರೋಗಿಗಳನ್ನು ಕೂರಿಸಿ ಮಾತಾಡಿಸಿ ಬರೆದದ್ದು, ಖರ್ಚಿನ ಲೆಕ್ಕ ಹಾಕಿದ್ದು, ನಡುವೆ ಬೇರೆಯವರದ್ದನ್ನೆಲ್ಲ ಒಟ್ಟು ಮಾಡಿ ಬರೆದ ವಿಮರ್ಶೆ. ನಲ್ವತ್ತು ಪ್ರಬಂಧ ಕಂಡರೂ ಅಧ್ಯಯನಗಳು ಎಂಟೋ ಹತ್ತೋ ಇದ್ದಾವು.

ಬಿಡಿಸುವುದಕ್ಕೆ ಒಂದು ಸುಲಭ ದಾರಿ ಉಂಟು. ಟ್ರಯಲ್‌ಗೆ ನೋಂದಣಿ ಸಂಖ್ಯೆ ಇರುತ್ತದೆ. ನಮ್ಮ ದೇಶದ್ದಾದರೆ ಸಿ.ಟಿ.ಆರ್.ಐ. ಎಂದು ಶುರುವಾಗುವ ಸಂಖ್ಯೆ. ಆ ನೋಂದಣಿ ಪುಸ್ತಕ 2007ರಿಂದ ಇದೆ, ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ದುಡ್ಡು ಕೊಡದೆ ನೋಡಬಹುದು. ಒಂದೇ ಸಂಖ್ಯೆ ಇರುವ ಪ್ರಬಂಧಗಳನ್ನೆಲ್ಲ ಒಂದು ಕಟ್ಟು ಮಾಡಿ. ಆಮೇಲೆ ಕಟ್ಟಿನಲ್ಲಿರುವ ಪ್ರೋಟೋಕಾಲನ್ನೂ ಮುಖ್ಯ ಪ್ರಬಂಧವನ್ನೂ ಅಕ್ಕಪಕ್ಕ ಇಟ್ಟು, ಮೊದಲು ಏನನ್ನು ಅಳೆಯುತ್ತೇವೆ ಎಂದಿದ್ದರು, ಕೊನೆಗೆ ಯಾವುದನ್ನು ದೊಡ್ಡದು ಮಾಡಿ ಬರೆದರು ಎಂದು ನೋಡಿ. ಶುರುವಿನಲ್ಲಿ "ಬಿ.ಪಿ. ಇಳಿಯುತ್ತದಾ ನೋಡುತ್ತೇವೆ" ಎಂದಿದ್ದು ಕೊನೆಗೆ "ರೋಗಿಗಳಿಗೆ ಆ್ಯಪ್ ತುಂಬಾ ಇಷ್ಟವಾಯಿತು" ಎಂದಾಗಿದ್ದರೆ, ನಡುವೆ ಏನಾಯಿತು ಎಂದು ಊಹಿಸಲು ಡಿಗ್ರಿ ಬೇಡ.

ಇದಾದ ಮೇಲೆ ಅಳತೆಯ ಪ್ರಶ್ನೆ. ನನ್ನ ಪ್ರಕಾರ ಈ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಒಬ್ಬರು ಮಾತ್ರೆ ನುಂಗಿದ್ದಾರೆ ಎಂದು ಸಂಶೋಧಕರಿಗೆ ಹೇಗೆ ಗೊತ್ತು? ಅವರನ್ನೇ ಕೇಳುವುದು ಅಗ್ಗದ ದಾರಿ. ಮೊರಿಸ್ಕಿ ಪ್ರಶ್ನಾವಳಿ ಎಂದು ಕೇಳಿರುತ್ತೀರಿ, ಎಂಟು ಪ್ರಶ್ನೆಯದ್ದು. ಬಳಸುವ ಮೊದಲು ಅದರ ಲೈಸೆನ್ಸ್ ವಿಷಯ ಗೈಡ್ ಹತ್ತಿರ ಕೇಳಿಕೊಳ್ಳಿ, ಲೈಸೆನ್ಸ್ ಇಲ್ಲದೆ ಬಳಸಿ ಪೇಚಿಗೆ ಸಿಕ್ಕವರಿದ್ದಾರೆ. ಆದರೆ ಎದುರಿಗೆ ಕೂತು ಕೇಳಿದರೆ ಯಾರು "ಇಲ್ಲ, ನಾನು ಬಿಟ್ಟೆ" ಅಂತಾರೆ? ಉಳಿದ ಮಾತ್ರೆ ಎಣಿಸುವುದು ಇನ್ನೊಂದು ದಾರಿ. ಎಣಿಸುತ್ತಾರೆ ಎಂದು ಗೊತ್ತಾದ ಕೂಡಲೇ ಉಳಿದದ್ದನ್ನು ಚರಂಡಿಗೆ ಹಾಕಿ ಖಾಲಿ ಡಬ್ಬಿ ಹಿಡಿದುಕೊಂಡು ಬರುವವರೂ ಇದ್ದಾರೆ. ಮುಚ್ಚಳ ತೆಗೆದ ಹೊತ್ತನ್ನು ದಾಖಲಿಸುವ ಚಿಪ್ ಇರುವ ಡಬ್ಬಿಗಳಿವೆ, ದುಬಾರಿ. ಆ ಡಬ್ಬಿಗಳಿಂದ ಒಂದು ತಮಾಷೆಯ ಸಂಗತಿ ಗೊತ್ತಾಯಿತು: ಡಾಕ್ಟರ ಹತ್ತಿರ ಹೋಗುವ ದಿನ ಹತ್ತಿರ ಬಂದ ಹಾಗೆ ಜನ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರೆ, ಹೋಗಿ ಬಂದ ಮೇಲೆ ಮತ್ತೆ ಸಡಿಲ ಬಿಡುತ್ತಾರೆ. ಮೆಡಿಕಲ್ ಅಂಗಡಿಯಿಂದ ಮಾತ್ರೆ ಕೊಂಡ ದಾಖಲೆ ನೋಡುವುದು ಮತ್ತೊಂದು ದಾರಿ. 100 ದಿನಗಳಲ್ಲಿ 80 ದಿನಕ್ಕಾಗುವಷ್ಟು ಮಾತ್ರೆ ಕೈಯಲ್ಲಿದ್ದರೆ "ಸರಿ ಇದೆ" ಎಂದು ಲೆಕ್ಕ. ವಿದೇಶದಲ್ಲಿ ಇದು ನಡೆಯುತ್ತದೆ. ನಮ್ಮಲ್ಲಿ ಇವತ್ತು ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಸ್ಟ್ರಿಪ್, ನಾಳೆ ಮನೆ ಹತ್ತಿರ ನಾಲ್ಕು ಮಾತ್ರೆ ಕತ್ತರಿಸಿ ಕೊಂಡು, ಬಿಲ್ಲೂ ಬೇಡ ಎಂದು ಬರುವವರೇ ಜಾಸ್ತಿ. ಯಾವ ದಾಖಲೆ ನೋಡುವುದು?

ಹಾಗಾಗಿ ಪ್ರತಿ ಪ್ರಬಂಧ ಎತ್ತಿಕೊಂಡಾಗಲೂ ಮೊದಲು ಸಾರಾಂಶ ಓದಬೇಡಿ. ಅಳೆದದ್ದು ಹೇಗೆ, ಎಷ್ಟು ತಿಂಗಳು ಎಂದು ಹುಡುಕಿ. 2016ರಲ್ಲಿ ಬಂದ ಒಂದು ವಿಮರ್ಶೆ 16 ಟ್ರಯಲ್‌ಗಳನ್ನು, 2,742 ರೋಗಿಗಳನ್ನು ಒಟ್ಟು ಮಾಡಿ ನೋಡಿತು. ನೂರಕ್ಕೆ 50 ಜನ ಸರಿಯಾಗಿ ಮದ್ದು ತೆಗೆದುಕೊಳ್ಳುವ ಕಡೆ ಎಸ್ಸೆಮ್ಮೆಸ್ ಕಳಿಸಿದರೆ ಅದು ಸುಮಾರು 68 ಆಗಬಹುದು ಎಂದಿತು. ಎಲ್ಲರೂ ಈ ಅಂಕಿಯನ್ನೇ ಎತ್ತಿ ಹೇಳುತ್ತಾರೆ. ಆ ಟ್ರಯಲ್‌ಗಳಲ್ಲಿ ಹೆಚ್ಚಿನವು ರೋಗಿಗಳ ಬಾಯಿಮಾತನ್ನು ನಂಬಿದವು, ಮೂರು ತಿಂಗಳ ಆಸುಪಾಸಿನವು ಎಂಬುದನ್ನು ಅದೇ ಲೇಖಕರು ಅದೇ ಪ್ರಬಂಧದಲ್ಲಿ ಬರೆದಿದ್ದಾರೆ. ಅದನ್ನು ಎತ್ತಿ ಹೇಳುವವರು ಕಡಿಮೆ. ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಶೋಧಕರ ಬಳಗದ 2014ರ ವಿಮರ್ಶೆಯನ್ನಂತೂ ತಪ್ಪದೆ ಓದಿ. ಮೊಬೈಲ್ ಮಾತ್ರ ಅಲ್ಲ, ಮದ್ದು ಸರಿಯಾಗಿ ತೆಗೆದುಕೊಳ್ಳುವಂತೆ ಮಾಡಲು ನಡೆದ 182 ಟ್ರಯಲ್‌ಗಳನ್ನು ನೋಡಿದ್ದಾರೆ. ಅದರಲ್ಲಿ ನೆಚ್ಚಿಕೊಳ್ಳಬಹುದಾದ ಗಟ್ಟಿ ಟ್ರಯಲ್‌ಗಳು 17. ಆ 17ರಲ್ಲಿ ಮದ್ದು ತೆಗೆದುಕೊಳ್ಳುವುದೂ ಸುಧಾರಿಸಿ ಕಾಯಿಲೆಯೂ ಸುಧಾರಿಸಿದ್ದು ಐದರಲ್ಲಿ.

ನಿಮ್ಮ ಸಂಶೋಧಕರ ಪಟ್ಟಿಯಲ್ಲಿ "ಪ್ರಯೋಜನ ಕಾಣಲಿಲ್ಲ" ಎಂದು ಬರೆದ ಪ್ರಬಂಧ ಇದೆಯಾ ನೋಡಿ. ಇದ್ದರೆ ಅದನ್ನೇ ಮೊದಲು ಓದಿ. ಸೋತ ಟ್ರಯಲನ್ನು ಪ್ರಕಟಿಸಿದವರ ಗೆದ್ದ ಟ್ರಯಲ್ ಮೇಲೆ ನನಗೆ ಜಾಸ್ತಿ ನಂಬಿಕೆ.

ಅಪ್ಪಯ್ಯನಿಗೆ ಬಿ.ಪಿ. ಮಾತ್ರೆ ಕೊಟ್ಟು ಎರಡು ವರ್ಷ ಆಯ್ತು. ಮಧ್ಯ ಮಧ್ಯ ಬಿಡುತ್ತಾರೆ. ಕೇಳಿದರೆ "ಎಂತ ಆಯ್ತು ನಂಗೆ? ಅಭ್ಯಾಸ ಆಗ್ತದೆ" ಅಂತಾರೆ. ಯಾವ ಆ್ಯಪ್ ಹಾಕಿಕೊಡಲಿ?
— ಮಗಳು, ಕುಂದಾಪುರ

ಯಾವುದೂ ಬೇಡ. ನಿಮ್ಮ ಅಪ್ಪಯ್ಯನಿಗೆ ಮರೆವಲ್ಲ. ಅವರು ಯೋಚನೆ ಮಾಡಿಯೇ ಬಿಟ್ಟಿದ್ದಾರೆ. ಯೋಚಿಸಿ ಬಿಟ್ಟವರಿಗೆ ದಿನಾ ನೆನಪಿಸಿದರೆ ಸಿಟ್ಟು ಬರುತ್ತದೆಯೇ ಹೊರತು ಮಾತ್ರೆ ಒಳಗೆ ಹೋಗುವುದಿಲ್ಲ.

ಅವರು ಒಬ್ಬರೇ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಒಂದು ವರದಿಯಲ್ಲಿ ಹೇಳಿತ್ತು, ಶ್ರೀಮಂತ ದೇಶಗಳಲ್ಲೇ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಮದ್ದನ್ನು ಹೇಳಿದ ಹಾಗೆ ತೆಗೆದುಕೊಳ್ಳುವವರು ಸುಮಾರು ಅರ್ಧದಷ್ಟು ಎಂದು. ಉಳಿದರ್ಧ ಜನರಲ್ಲಿ ಮರೆತವರೂ ಇದ್ದಾರೆ, ಬೇಡ ಎಂದು ಬಿಟ್ಟವರೂ ಇದ್ದಾರೆ, ದುಡ್ಡಿಲ್ಲದೆ ಬಿಟ್ಟವರೂ ಇದ್ದಾರೆ. ಆ್ಯಪ್ ಮಾಡುವವರಿಗೆ ಕಾಣುವುದು ಮೊದಲನೆಯವರು ಮಾತ್ರ.

ಬಿ.ಪಿ. ಕಾಯಿಲೆಯ ಕಷ್ಟ ಇರುವುದೇ ಇಲ್ಲಿ. ಮಾತ್ರೆ ಬಿಟ್ಟರೆ ಏನೂ ಆದ ಹಾಗೆ ಕಾಣುವುದಿಲ್ಲ, ತೆಗೆದುಕೊಂಡರೆ ಏನಾದರೂ ಆಗುತ್ತದೆ. ಆಮ್ಲೋಡಿಪಿನ್ ತೆಗೆದುಕೊಳ್ಳುವ ಕೆಲವರಿಗೆ ಪಾದದ ಗಂಟು ಊದುತ್ತದೆ. ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯದ್ದಾದರೆ ಕೆಲವರಿಗೆ ಒಣ ಕೆಮ್ಮು, ರಾತ್ರಿಯೆಲ್ಲ ಕೆಮ್ಮುತ್ತಾರೆ, ಮನೆಯವರು ಶೀತ ಎಂದುಕೊಂಡು ಕಷಾಯ ಮಾಡಿ ಕೊಡುತ್ತಾರೆ. ನೀರು ಹೋಗುವ ಮಾತ್ರೆಯಾದರೆ ಕುಂದಾಪುರದಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವ ದಿನ ಅದನ್ನು ಬಿಟ್ಟೇ ಹೋಗುತ್ತಾರೆ, ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದ್ಯಾವುದನ್ನೂ ಡಾಕ್ಟರ ಹತ್ತಿರ ಹೇಳುವುದಿಲ್ಲ, "ಅಭ್ಯಾಸ ಆಗ್ತದೆ" ಎಂಬ ಒಂದು ಮಾತಿನಲ್ಲಿ ಮುಗಿಸುತ್ತಾರೆ. ಹೇಳಿದ್ದರೆ ಡಾಕ್ಟರು ಮಾತ್ರೆಯನ್ನೇ ಬದಲಿಸಿ ಕೊಡುತ್ತಿದ್ದರು, ಬಿ.ಪಿ.ಗೆ ಬೇರೆ ಬೇರೆ ಜಾತಿಯ ಮಾತ್ರೆಗಳು ಬೇಕಾದಷ್ಟಿವೆ.

ಕೇಳುವ ರೀತಿ ಬದಲಿಸಿ. "ಮಾತ್ರೆ ತಗೊಂಡ್ರಾ?" ಎಂದರೆ "ಹೂಂ" ಎನ್ನುವುದು ಬಿಟ್ಟು ಅವರಿಗೆ ಬೇರೆ ದಾರಿ ಇಲ್ಲ. "ಹೋದ ವಾರ ಎಷ್ಟು ದಿನ ತಪ್ಪಿ ಹೋಯ್ತು ಅಪ್ಪಯ್ಯ? ತಗೊಂಡ ದಿನ ಎಂತಾದ್ರೂ ಆಗ್ತದಾ?" ಎಂದು ಚಾ ಕುಡಿಯುವಾಗ ಸುಮ್ನೆ ಕೇಳಿ. ತಪ್ಪುವುದು ಸಹಜ ಎಂಬ ಹಾಗೆ ಕೇಳಿದರೆ ನಿಜ ಬರುತ್ತದೆ. ಸಂದರ್ಶನಕ್ಕೆ ಹೋಗುವ ನಾವೂ ಹೀಗೇ ಕೇಳುವುದು.

ಒಂದು ಎಚ್ಚರ. ಅವರ ಚೀಟಿಯಲ್ಲಿ ಅಟೆನೊಲಾಲ್, ಮೆಟೊಪ್ರೊಲಾಲ್ ಎಂದು "ಲಾಲ್"ನಲ್ಲಿ ಮುಗಿಯುವ ಮಾತ್ರೆ ಇದ್ದರೆ, ಅದನ್ನು ಒಮ್ಮೆಗೇ ನಿಲ್ಲಿಸುವುದು ಅಪಾಯ. ಹೃದಯದ ತೊಂದರೆ ಇರುವವರಿಗಂತೂ ತುಂಬಾ ಅಪಾಯ. ಅದನ್ನು ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಮಾತಾಡಿ.

ಅಮ್ಮನಿಗೆ ತುಳು ಬಿಟ್ಟರೆ ಬೇರೆ ಭಾಷೆ ಸರಿಯಾಗಿ ಬಾರದು, ಓದಲೂ ಬಾರದು. ಕೀಪ್ಯಾಡ್ ಫೋನ್ ಇದೆ. ಆಸ್ಪತ್ರೆಯಿಂದ ಇಂಗ್ಲಿಷಿನಲ್ಲಿ ಮೆಸೇಜ್ ಬರುತ್ತದೆ. ಇಂಥವರಿಗೆ ಮೊಬೈಲಿನಿಂದ ಏನು ಉಪಯೋಗ?
— ಓದುಗರು, ಕಾರ್ಕಳ

ಕೀಪ್ಯಾಡ್ ಫೋನ್ ಧಾರಾಳ ಸಾಕು. ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಟ್ರಯಲ್ ನಡೆದದ್ದು ಸಾದಾ ಎಸ್ಸೆಮ್ಮೆಸ್‌ನಿಂದ, ಕೆನ್ಯಾದಲ್ಲಿ. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಎಚ್.ಐ.ವಿ. ಮದ್ದು ಹೊಸತಾಗಿ ಶುರು ಮಾಡಿದ 538 ಜನ. ಅವರಲ್ಲಿ ಅರ್ಧ ಜನರಿಗೆ ವಾರಕ್ಕೊಮ್ಮೆ ಒಂದೇ ಒಂದು ಮಾತಿನ ಮೆಸೇಜ್: "ಮಾಂಬೊ?" ಅಂದರೆ ಹೇಗಿದ್ದೀರಿ ಎಂದು. ಮಾತ್ರೆಯ ಸುದ್ದಿಯೇ ಇಲ್ಲ. 48 ಗಂಟೆಯ ಒಳಗೆ ಚೆನ್ನಾಗಿದ್ದೇನೆ ಅಂತಲೋ ತೊಂದರೆ ಇದೆ ಅಂತಲೋ ಉತ್ತರ ಕಳಿಸಬೇಕು. ತೊಂದರೆ ಎಂದವರಿಗೆ, ಉತ್ತರವನ್ನೇ ಕೊಡದವರಿಗೆ ಕ್ಲಿನಿಕ್ಕಿನಿಂದ ಫೋನ್ ಹೋಗುತ್ತಿತ್ತು. ಒಂದು ವರ್ಷದ ಕೊನೆಗೆ ಮದ್ದು ಸರಿಯಾಗಿ ತೆಗೆದುಕೊಂಡವರು ಮೆಸೇಜ್ ಗುಂಪಿನಲ್ಲಿ ನೂರಕ್ಕೆ 62, ಇನ್ನೊಂದರಲ್ಲಿ 50. ಇದು ಬಾಯಿಮಾತು ಎಂದು ನೀವು ಹೇಳಬಹುದು, ಆದರೆ ರಕ್ತದಲ್ಲಿ ವೈರಸ್ ಹತೋಟಿಗೆ ಬಂದವರ ಲೆಕ್ಕವೂ ಹಾಗೇ ಇತ್ತು: 57 ಮತ್ತು 48.

ಮರುವರ್ಷ ಕೆನ್ಯಾದಿಂದಲೇ ಇನ್ನೊಂದು ಟ್ರಯಲ್ ಬಂತು. ಅದರಲ್ಲಿ ವಾರಕ್ಕೊಮ್ಮೆ ಮೆಸೇಜ್ ಪಡೆದವರು ಸುಧಾರಿಸಿದರು, ದಿನಾ ಪಡೆದವರು ಸುಧಾರಿಸಲಿಲ್ಲ! ದಿನಾ ಬಂದರೆ ಯಾರು ನೋಡ್ತಾರೆ, ಅಲ್ವಾ? ನಮ್ಮ ಫೋನಿಗೆ ಬರುವ ಲೋನ್ ಮೆಸೇಜುಗಳ ಗತಿಯೇ.

ಇನ್ನು ನಮ್ಮ ಕಡೆಯದ್ದು. ದಕ್ಷಿಣ ಭಾರತದ ಮೂರು ಕೇಂದ್ರಗಳಲ್ಲಿ 631 ಎಚ್.ಐ.ವಿ. ರೋಗಿಗಳ ಮೇಲೆ ಇಂಥದ್ದೇ ಟ್ರಯಲ್ ನಡೆದು 2014ರಲ್ಲಿ ಬಿ.ಎಂ.ಜೆ. ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬೆಂಗಳೂರಿನ ಸಂಶೋಧಕರು ಅದರ ಮುಂದಾಳುಗಳು. ಓದಲು ಬಾರದವರನ್ನು ಅವರು ಮರೆತಿರಲಿಲ್ಲ. ವಾರಕ್ಕೊಮ್ಮೆ ರೋಗಿಗೆ ಗೊತ್ತಿರುವ ಭಾಷೆಯಲ್ಲಿ ರೆಕಾರ್ಡ್ ಮಾಡಿದ ಧ್ವನಿಯ ಕರೆ, ಜತೆಗೆ ಒಂದು ಚಿತ್ರದ ಮೆಸೇಜ್. 96 ವಾರ ನಡೆಸಿದರು. ಕರೆ ಬಂದವರಿಗೂ ಬಾರದವರಿಗೂ ವ್ಯತ್ಯಾಸ ಕಾಣಲಿಲ್ಲ.

ಯಾಕೆ ಎಂದು ವಾದ ಮಾಡುವವರು ಬೇಕಾದಷ್ಟಿದ್ದಾರೆ. ನನಗೆ ಕಾಣುವುದು ಇಷ್ಟು. ಕೆನ್ಯಾದಲ್ಲಿ ಮೆಸೇಜಿನ ಹಿಂದೆ ಒಬ್ಬ ನರ್ಸ್ ಇದ್ದರು, "ತೊಂದರೆ" ಎಂದರೆ ತಿರುಗಿ ಫೋನ್ ಬರುತ್ತಿತ್ತು. ಇಲ್ಲಿ ಕರೆ ಮಾಡುತ್ತಿದ್ದದ್ದು ಯಂತ್ರ. ಇದು ಪೂರ್ತಿ ಉತ್ತರ ಅಲ್ಲ, ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಕರೆ ಇಲ್ಲದೆಯೂ ಮದ್ದನ್ನು ಚೆನ್ನಾಗಿ ತೆಗೆದುಕೊಳ್ಳುತ್ತಿದ್ದಿರಬಹುದು, ಸುಧಾರಿಸಲು ಜಾಗವೇ ಕಡಿಮೆ ಇದ್ದಿರಬಹುದು. ಆದರೂ ಈ ವಿಷಯದಲ್ಲಿ ಗೆದ್ದ ಟ್ರಯಲ್‌ಗಳನ್ನು ತಿರುವಿ ಹಾಕಿದಾಗಲೆಲ್ಲ ಆ ಕಡೆ ಒಬ್ಬ ಮನುಷ್ಯ ಇದ್ದಾನಾ ಎಂದು ಮೊದಲು ಹುಡುಕುವುದು ನನಗೆ ಅಭ್ಯಾಸವಾಗಿದೆ, ಹೆಚ್ಚಿನ ಸಲ ಸಿಗುತ್ತಾನೆ ಕೂಡ.

ನಿಮ್ಮ ಅಮ್ಮನಿಗೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ತುಳುವಿನಲ್ಲೇ ನೀವೇ ಫೋನ್ ಮಾಡಿ. "ಎಂಚ ಉಲ್ಲರ್?" (ಹೇಗಿದ್ದೀರಿ) ಎಂದು ಶುರು ಮಾಡಿ, ಮಾತ್ರೆಯ ವಿಷಯ ಕೊನೆಗೆ ಬರಲಿ. ಎಷ್ಟು ಮಾತ್ರೆ ಉಳಿದಿದೆ ಎಂದು ಸ್ಟ್ರಿಪ್ ನೋಡಿ ಎಣಿಸಿ ಹೇಳಲು ಹೇಳಿ, ಮುಗಿಯುವ ಮೊದಲೇ ತಂದುಕೊಡಿ. ಆಸ್ಪತ್ರೆಯ ಇಂಗ್ಲಿಷ್ ಮೆಸೇಜ್ ನಿಮ್ಮ ನಂಬರಿಗೆ ಬರುವ ಹಾಗೆ ಕೌಂಟರಿನಲ್ಲಿ ಬದಲಾಯಿಸಿಕೊಳ್ಳಿ.

ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಶುಗರ್ ಮಾತ್ರೆ ಉಚಿತ. ಆದರೂ ಒಂದು ಸಲ ಬಂದವರು ಮತ್ತೆ ಬರುವುದಿಲ್ಲ. ರೋಗಿಗಳಿಗೆ ಆ್ಯಪ್ ಹಾಕಿಸಿದರೆ ಆದೀತಾ?
— ಶುಶ್ರೂಷಾಧಿಕಾರಿ, ಬೆಳ್ತಂಗಡಿ ತಾಲೂಕು

ರೋಗಿಗಳಿಗೆ ಅಲ್ಲ, ನಿಮಗೆ ಬೇಕು ಆ್ಯಪ್. ದೇಶದಲ್ಲಿ ಬಿ.ಪಿ. ಹತೋಟಿಯ ಸರ್ಕಾರಿ ಯೋಜನೆ ಶುರುವಾದಾಗ ಪಂಜಾಬ್, ಮಹಾರಾಷ್ಟ್ರ ಮೊದಲಾದ ಕಡೆ "ಸಿಂಪಲ್" ಎಂಬ ಆ್ಯಪ್ ಬಳಸಿದರು. ಅದು ನರ್ಸ್ ಕೈಯಲ್ಲಿರುತ್ತದೆ. ರೋಗಿ ಬಂದಾಗ ಬಿ.ಪಿ. ಅಂಕಿ, ಕೊಟ್ಟ ಮಾತ್ರೆ ಹಾಕಿದರೆ ಆಯಿತು. ಹೇಳಿದ ದಿನ ಯಾರು ಬರಲಿಲ್ಲ ಎಂಬ ಪಟ್ಟಿ ತಾನೇ ತಯಾರಾಗುತ್ತದೆ, ಅಲ್ಲಿಂದಲೇ ಫೋನ್ ಮಾಡಬಹುದು. ಆ್ಯಪ್ ಇಲ್ಲದಿದ್ದರೆ ಒಂದು ರಿಜಿಸ್ಟರ್‌ನಲ್ಲಿ ಬರಬೇಕಾದ ದಿನಾಂಕದ ಪ್ರಕಾರ ಹೆಸರು ಬರೆದಿಟ್ಟರೂ ಅದೇ ಕೆಲಸ ಆಗುತ್ತದೆ. ಮತ್ತೆ, ನಿಮ್ಮ ವೈದ್ಯಾಧಿಕಾರಿ ಒಪ್ಪಿದರೆ, ದೂರದ ಮಲೆ ಕಡೆಯವರಿಗೆ 15 ದಿನದ ಬದಲು ತಿಂಗಳ ಮಾತ್ರೆ ಒಟ್ಟಿಗೆ ಕೊಡಿ. ಬಸ್ ಚಾರ್ಜು, ಒಂದು ದಿನದ ಕೂಲಿ ಎರಡೂ ಕಳೆದುಕೊಂಡು "ಉಚಿತ" ಮಾತ್ರೆಗೆ ಬರಬೇಕಲ್ಲ ಅವರು.

ನಾನು ಯಕ್ಷಗಾನ ಮೇಳದ ಕಲಾವಿದ. ರಾತ್ರಿ ಆಟ, ಹಗಲು ನಿದ್ದೆ. ಶುಗರ್ ಮಾತ್ರೆ "ಬೆಳಿಗ್ಗೆ ತಿಂಡಿಗೆ ಮೊದಲು" ಎಂದು ಚೀಟಿಯಲ್ಲಿದೆ. ಎಂಟು ಗಂಟೆಗೆ ಅಲಾರಂ ಹೊಡೆಯುವಾಗ ನಾನು ವ್ಯಾನಿನಲ್ಲೋ ಚಾಪೆಯಲ್ಲೋ ಇರುತ್ತೇನೆ.
— ಓದುಗರು, ಬ್ರಹ್ಮಾವರ

ನಿಮಗೆ ಅಲಾರಂ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಗ್ಲಿಮೆಪಿರೈಡ್ ಥರದ ಮಾತ್ರೆ ನಿದ್ದೆಗಣ್ಣಲ್ಲಿ ನುಂಗಿ, ತಿಂಡಿ ತಿನ್ನದೆ ಮತ್ತೆ ಮಲಗಿದರೆ ಶುಗರ್ ವಿಪರೀತ ಇಳಿದು ಅಪಾಯ ಆಗಬಹುದು. ಗಡಿಯಾರದ ಬದಲು ಊಟಕ್ಕೆ ಕಟ್ಟಿಕೊಳ್ಳುವುದು ಒಳ್ಳೆಯದು, ಆದರೆ ಯಾವ ಊಟಕ್ಕೆ ಎಂದು ನಿಮ್ಮ ಡಾಕ್ಟರೇ ಹೇಳಬೇಕು. ಅವರ ಹತ್ತಿರ ಹೋದಾಗ ನಿಮ್ಮ ದಿನಚರಿ ಇದ್ದ ಹಾಗೆ ಹೇಳಿ: ಚೌಕಿಯಲ್ಲಿ ಎಷ್ಟು ಹೊತ್ತಿಗೆ ಊಟ, ವೇಷ ಕಟ್ಟಿದ ಮೇಲೆ ನೀರು ಕುಡಿಯಲು ಆಗುತ್ತದಾ, ಎಷ್ಟು ಹೊತ್ತು ಕುಣಿತ, ಬೆಳಿಗ್ಗೆ ಮಲಗುವ ಮೊದಲು ಏನಾದರೂ ತಿನ್ನುತ್ತೀರಾ. ಕಾಲಮಿತಿಯ ಮೇಳವೋ ಇಡೀ ರಾತ್ರಿಯದ್ದೋ ಎಂಬುದೂ ಮುಖ್ಯ. ಪತ್ತನಾಜೆಗೆ ಮೇಳದ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ ಮೇಲೆ ದಿನಚರಿ ಪೂರ್ತಿ ಬದಲಾಗುತ್ತದೆ, ಆಗ ಇನ್ನೊಂದು ಸಲ ಹೋಗಿ ಕೇಳಿ. ಚೀಟಿ ಬರೆಯುವವರು ಎಲ್ಲರೂ ಎಂಟು ಗಂಟೆಗೆ ಇಡ್ಲಿ ತಿನ್ನುತ್ತಾರೆ ಎಂದುಕೊಂಡೇ ಬರೆಯುತ್ತಾರೆ, ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.

ತಮ್ಮನಿಗೆ ಟಿ.ಬಿ. ಆಗಿ ಮದ್ದು ನಡೆಯುತ್ತಿದೆ. ಕೆಲವು ಕಡೆ ಮಾತ್ರೆ ನುಂಗಿ ಮಿಸ್ಡ್ ಕಾಲ್ ಕೊಡಬೇಕು ಎಂದು ಕೇಳಿದ್ದೇನೆ. ಅದು ಎಂತದು?
— ಓದುಗರು, ಬಂಟ್ವಾಳ

ಅದಕ್ಕೆ 99 ಡಾಟ್ಸ್ ಎನ್ನುತ್ತಾರೆ. ಬೆಂಗಳೂರಿನಲ್ಲಿ ಹುಟ್ಟಿದ ಉಪಾಯ. ಮಾತ್ರೆಯ ಸ್ಟ್ರಿಪ್ಪನ್ನು ಒಂದು ಕಾಗದದ ಲಕೋಟೆಯಲ್ಲಿ ಅಂಟಿಸಿರುತ್ತಾರೆ. ಮಾತ್ರೆ ಒತ್ತಿ ತೆಗೆದರೆ ಹಿಂದಿನ ಕಾಗದ ಹರಿದು ಒಂದು ನಂಬರ್ ಕಾಣುತ್ತದೆ. ಅದಕ್ಕೆ ರೋಗಿ ಉಚಿತ ಕರೆ ಮಾಡಬೇಕು. ಯಾವ ನಂಬರ್ ಎಂದು ಮೊದಲೇ ಗೊತ್ತಾಗುವುದಿಲ್ಲವಾದ್ದರಿಂದ ಮಾತ್ರೆ ತೆಗೆಯದೆ ಕರೆ ಮಾಡಲು ಆಗುವುದಿಲ್ಲ. ಬುದ್ಧಿವಂತ ಕೆಲಸ, ದುಡ್ಡೂ ಕಡಿಮೆ.

ಆದರೆ ತೆಗೆದ ಮಾತ್ರೆ ಬಾಯಿಗೆ ಹೋಯಿತಾ? ಸಂಶೋಧಕರು ಹೇಳದೆ ಕೇಳದೆ ರೋಗಿಗಳ ಮನೆಗೆ ಹೋಗಿ ಮೂತ್ರದಲ್ಲಿ ಮದ್ದಿನ ಅಂಶ ಇದೆಯಾ ಎಂದು ಪರೀಕ್ಷಿಸಿದಾಗ, ಕರೆಗೂ ನುಂಗಿದ್ದಕ್ಕೂ ಅಷ್ಟೇನೂ ತಾಳೆಯಾಗಲಿಲ್ಲ. ಮದ್ದು ನುಂಗಿ ಕರೆ ಮಾಡದವರು, ಕರೆ ಮಾಡಿ ನುಂಗದವರು, ಎರಡೂ ಬಗೆಯವರು ಸಿಕ್ಕಿದರು. ಕರೆ ಬಾರದ ದಿನ ಸಿಬ್ಬಂದಿ ಫೋನ್ ಮಾಡಿ "ಏನಾಯ್ತು" ಎಂದು ವಿಚಾರಿಸಲು ಅದು ಒಳ್ಳೆಯ ಸುಳಿವು, ಅಷ್ಟೇ.

ತಮ್ಮನಿಗೆ ಇದಕ್ಕಿಂತ ಮುಖ್ಯವಾದ ವಿಷಯ ಬೇರೆ ಉಂಟು. ಸಾಮಾನ್ಯ ಟಿ.ಬಿ.ಯ ಮದ್ದು ಆರು ತಿಂಗಳು. ಒಂದೆರಡು ತಿಂಗಳಲ್ಲೇ ಕೆಮ್ಮು, ಜ್ವರ ಹೋಗಿ ಮೈ ತುಂಬಿಕೊಳ್ಳುತ್ತದೆ. ಜನ ಬಿಡುವುದು ಆಗಲೇ. ಮೂತ್ರ ಕಿತ್ತಳೆ ಬಣ್ಣಕ್ಕೆ ಬಂದರೆ ಹೆದರುವುದು ಬೇಡ, ರಿಫಾಂಪಿಸಿನ್ ಮಾತ್ರೆಯಿಂದ ಹಾಗಾಗುತ್ತದೆ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರ ಅದೇ ದಿನ ಹೋಗಿ ತೋರಿಸಿ. ಊಟಕ್ಕೆಂದು ಸರ್ಕಾರ ಕೊಡುವ ಹಣ 2024ರ ನವೆಂಬರಿನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಬ್ಯಾಂಕ್ ಖಾತೆಗೆ ಬರುತ್ತಿದೆಯಾ ನೋಡಿ.

ಮದ್ದಿನ ಮೆಸೇಜ್ ಮನೆಯಲ್ಲಿ ಬೇರೆಯವರ ಕಣ್ಣಿಗೆ ಬೀಳುತ್ತದೆ ಎಂಬ ಹೆದರಿಕೆ. ನನ್ನ ಕಾಯಿಲೆ ಮನೆಯವರಿಗೆ ಗೊತ್ತಿಲ್ಲ.
— ಹೆಸರು, ಊರು ಬೇಡ

ಬರೆಯುವುದಿಲ್ಲ. ಆಸ್ಪತ್ರೆಯಲ್ಲಿ "ನನಗೆ ಮೆಸೇಜ್ ಬೇಡ" ಎಂದು ಹೇಳುವ ಹಕ್ಕು ನಿಮಗಿದೆ. ಬೇಕೇ ಬೇಕಾದರೆ ಕಾಯಿಲೆಯ ಹೆಸರಾಗಲೀ ಮದ್ದಿನ ಹೆಸರಾಗಲೀ ಇಲ್ಲದ ಮೆಸೇಜ್ ಕೇಳಿ. ಕೆನ್ಯಾದವರು ಬರೀ ಹೇಗಿದ್ದೀರಿ ಎಂದು ಕೇಳಿದ್ದು ಯಾಕೆ ಎಂದು ಈಗ ಅರ್ಥವಾಗುತ್ತದೆ, ಅಲ್ವಾ. ಫೋನ್ ಲಾಕ್ ಆಗಿದ್ದಾಗಲೂ ಮೆಸೇಜ್ ಪರದೆಯ ಮೇಲೆ ಕಾಣುವುದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಬಹುದು. ಆ್ಯಪ್ ಹಾಕುವ ಮೊದಲು ಅದು ನಿಮ್ಮ ಕಾಂಟ್ಯಾಕ್ಟ್ ಪಟ್ಟಿ ಕೇಳುತ್ತದಾ ನೋಡಿ. ಮಾತ್ರೆ ನೆನಪಿಸಲು ನಿಮ್ಮ ಅತ್ತೆಯ ನಂಬರ್ ಅದಕ್ಕೆ ಯಾಕೆ ಬೇಕು? ನಿಮ್ಮದು ಎಚ್.ಐ.ವಿ. ಆಗಿದ್ದರೆ, ಒಪ್ಪಿಗೆಯಿಲ್ಲದೆ ಅದನ್ನು ಬಯಲು ಮಾಡುವುದಕ್ಕೆ 2017ರ ಕಾನೂನಿನಲ್ಲಿ ತಡೆ ಇದೆ.

ಹೊಟ್ಟೆಯೊಳಗಿಂದಲೇ ಸಿಗ್ನಲ್ ಕೊಡುವ ಮಾತ್ರೆ ಬಂದಿದೆಯಂತೆ, ಹೌದಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು

ಬಂದಿತ್ತು. 2017ರ ನವೆಂಬರಿನಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಮಾತ್ರೆಯೊಳಗೆ ಮರಳಿನ ಕಣದಷ್ಟು ಸಣ್ಣ ಸೆನ್ಸರ್. ಹೊಟ್ಟೆಯ ರಸ ತಾಗಿದ ಕೂಡಲೇ ಅದರಿಂದ ಸಂಕೇತ ಹೊರಟು, ಮೈಗೆ ಅಂಟಿಸಿದ ಪಟ್ಟಿಗೆ ಹೋಗಿ, ಅಲ್ಲಿಂದ ಫೋನಿಗೆ. ಅವರು ಅದನ್ನು ಯಾವ ಮದ್ದಿಗೆ ಹಾಕಿದರು ಗೊತ್ತಾ? ಸ್ಕಿಜೋಫ್ರೇನಿಯಾದಂಥ ಮಾನಸಿಕ ಕಾಯಿಲೆಯ ಮದ್ದಿಗೆ. ಯಾರೋ ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ಭಯ ಆ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಇರುತ್ತದೆ! ಸೆನ್ಸರ್ ತಯಾರಿಸಿದ ಕಂಪನಿ 2020ರಲ್ಲಿ ದಿವಾಳಿ ಅರ್ಜಿ ಹಾಕಿತು.

ಬೆಳಗಿನ ಮಾತ್ರೆ ಮರೆತರೆ ರಾತ್ರಿ ಎರಡು ಒಟ್ಟಿಗೆ ನುಂಗಬಹುದಾ?
— ಓದುಗರು, ಪುತ್ತೂರು

ಬೇಡ. ಸಾಮಾನ್ಯ ನಿಯಮ ಇಷ್ಟು: ನೆನಪಾದಾಗ ಮುಂದಿನ ಮಾತ್ರೆಯ ಹೊತ್ತು ಇನ್ನೂ ದೂರ ಇದ್ದರೆ ಆಗಲೇ ತೆಗೆದುಕೊಳ್ಳಿ, ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಟ್ಟುಬಿಡಿ, ಮುಂದಿನದ್ದನ್ನು ಮಾಮೂಲಿನಂತೆ ತೆಗೆದುಕೊಳ್ಳಿ. ಎರಡು ಒಟ್ಟಿಗೆ ಬೇಡವೇ ಬೇಡ. ಇನ್ಸುಲಿನ್, ರಕ್ತ ತೆಳು ಮಾಡುವ ವಾರ್ಫರಿನ್, ಫಿಟ್ಸ್ ಮಾತ್ರೆ, ಗರ್ಭನಿರೋಧಕ ಮಾತ್ರೆ ಇವಕ್ಕೆ ಬೇರೆ ಬೇರೆ ನಿಯಮ ಇದೆ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ "ತಪ್ಪಿದರೆ ಏನು ಮಾಡಲಿ?" ಎಂದು ಕೇಳಿ, ಚೀಟಿಯ ಹಿಂದೆ ಕನ್ನಡದಲ್ಲಿ ಬರೆಸಿಕೊಳ್ಳಿ. ಅವರಿಗೆ ಪುರುಸೊತ್ತು ಇಲ್ಲದಿದ್ದರೆ ಮೆಡಿಕಲ್‌ನಲ್ಲಿ ಫಾರ್ಮಸಿಸ್ಟ್ ಇರುವ ಹೊತ್ತು ನೋಡಿಕೊಂಡು ಹೋಗಿ ಕೇಳಿ.